ಓದುಗರ ಪ್ರಶ್ನೆ, ದುರಸ್ತಿಯ ಉತ್ತರ: ಜಾರುಮುಚ್ಚಳ ಏಕೆ ಸೋರುತ್ತದೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ಮರಗೆಲಸ ಮೊದಲಿನಿಂದಲೂ ನನ್ನ ಹವ್ಯಾಸ. ಗೋವೆಯಲ್ಲಿ ಕೆಲಸಕ್ಕಿರುವ ಮಗ ಸ್ನೇಹಿತನೊಬ್ಬನ ಜೊತೆ ಪಾಲಿನಲ್ಲಿ 26 ಅಡಿ ಉದ್ದದ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಕೊಂಡಿದ್ದಾನೆ. ಕ್ಯಾಬಿನ್ನಿಗೆ ಇಳಿಯುವ ಬಾಯಿಯ ಮೇಲೆ ಹಿಂದೆ ಮುಂದೆ ಸರಿಯುವ ಮುಚ್ಚಳವಿದೆ. ಎದುರಿನಿಂದ ಅಲೆಯ ತುಂತುರು ಬಡಿದಾಗಲೂ ಮಳೆಯಲ್ಲೂ ಅದು ಒಳಗೆ ಸೋರುತ್ತದೆ. ಸರಿಸಲು ಹೋದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಮಗ ಅದನ್ನು ಬಿಚ್ಚಿ, ಕಾರಿನ ಮೇಲೆ ಕಟ್ಟಿ ತಂದು, ನಮ್ಮ ಅಂಗಳದಲ್ಲಿಟ್ಟು ಹೋಗಿದ್ದಾನೆ. ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇದೆ; ಬಡಿದರೆ ಒಂದು ಮೂಲೆ ಬೇರೆಯೇ ಸದ್ದು ಕೊಡುತ್ತದೆ. ನಡುವಿನ ಅಕ್ರಿಲಿಕ್ ಕಿಟಕಿಯ ತುಂಬ ಕೂದಲೆಳೆಯಂಥ ಬಿರುಕುಗಳಿವೆ. ಇದನ್ನೇ ದುರಸ್ತಿ ಮಾಡಲೇ, ನಮ್ಮ ಹಳೆಯ ವಾಡೆಯ ಸಾಗವಾನಿ ಬಾಗಿಲ ಹಲಗೆಗಳಿಂದ ಹೊಸದನ್ನು ಮಾಡಲೇ? ಅಂಟು ಹಿಡಿಯುವ ತನಕ ಭಾರ ಹೇರಲು ಶಹಾಬಾದ್ ಫರಸಿಗಳು ಮನೆಯಲ್ಲಿವೆ. ಅಂದ ಹಾಗೆ, ಹೋದ ವರ್ಷ ಅಲ್ಲಿಯ ಕೆಲಸಗಾರನೊಬ್ಬ ಸುತ್ತಲೂ ಸಿಲಿಕಾನ್ ಮೆತ್ತಿ, ಮುಂದಿನ ಗೂಡಿನ ಹಿಂಬದಿ ಮೂಲೆಗಳಲ್ಲಿದ್ದ ಎರಡು ಸಣ್ಣ ತೂತುಗಳನ್ನೂ ತುಂಬಿ ಕೊಟ್ಟನಂತೆ. ಆಮೇಲೆ ಸೋರುವುದು ಹೆಚ್ಚೇ ಆಗಿದೆ.
— ಓದುಗರೊಬ್ಬರು, ಕಲಬುರಗಿ

ಉತ್ತರ: ಪತ್ರದ ಅತಿ ಮುಖ್ಯ ಮಾತನ್ನು ತಾವು ‘ಅಂದ ಹಾಗೆ’ ಎಂದು ಕೊನೆಗೆ ಬರೆದಿದ್ದೀರಿ. ಆ ಎರಡು ತೂತುಗಳು ಯಾರೋ ಮುಚ್ಚಲು ಮರೆತವಲ್ಲ. ದೋಣಿ ಕಟ್ಟಿದವರು ಬೇಕೆಂದೇ ಬಿಟ್ಟವು. ಇಂಥ ದೋಣಿಗಳಲ್ಲಿ ಮುಚ್ಚಳ ಮುಂದಕ್ಕೆ ಸರಿದು ಒಂದು ತಗ್ಗು ಗೂಡಿನೊಳಗೆ ಸೇರಿಕೊಳ್ಳುತ್ತದೆ. ದೋಣಿಯವರು ಅದಕ್ಕೆ ಸೀಹುಡ್ ಎನ್ನುತ್ತಾರೆ. ಮುಚ್ಚಳ ಸಲೀಸಾಗಿ ಓಡಬೇಕಾದರೆ ಅದಕ್ಕೂ ಗೂಡಿಗೂ ನಡುವೆ ಸಂದು ಇರಲೇಬೇಕು. ಸಂದು ಇದ್ದ ಮೇಲೆ ನೀರು ಬರುವುದೂ ಖಂಡಿತ. ಹಾಗೆ ಬಂದ ನೀರು ಗೂಡಿನ ತಳದಲ್ಲಿ ಹರಿದು, ಹಿಂಬದಿಯ ಮೂಲೆಯ ತೂತಿನಿಂದ ಹೊರಗೆ ಛಾವಣಿಯ ಮೇಲೆ ಬೀಳುತ್ತದೆ, ಅಲ್ಲಿಂದ ಸಮುದ್ರಕ್ಕೆ ಹೋಗುತ್ತದೆ. ಬಾಯಿಯ ಸುತ್ತ ಎದ್ದಿರುವ ಕಟ್ಟೆಯ ಎತ್ತರಕ್ಕಿಂತ ನೀರು ಮೇಲೇರದಿದ್ದರೆ ಒಳಗೆ ಒಂದು ಹನಿಯೂ ಬರುವುದಿಲ್ಲ. ತೂತುಗಳನ್ನು ಮುಚ್ಚಿದ ಕ್ಷಣಕ್ಕೆ ಆ ಗೂಡು ಬಾನಿಯಾಯಿತು. ತುಂಬಿದ ಬಾನಿ ಕಟ್ಟೆಯ ಮೇಲಿಂದ ಚೆಲ್ಲುತ್ತದೆ, ಚೆಲ್ಲಿದ್ದು ನಿಮ್ಮ ಮಗನ ಹಾಸಿಗೆಯ ಮೇಲೆ ಬೀಳುತ್ತದೆ.

ಆದ್ದರಿಂದ ಮೊದಲ ಕೆಲಸ ಕಲಬುರಗಿಯದಲ್ಲ, ಗೋವೆಯದು. ಮಗನಿಗೆ ಇಂದೇ ಫೋನ್ ಮಾಡಿ, ತೂತುಗಳಲ್ಲಿಯ ಸಿಲಿಕಾನನ್ನು ಕಡ್ಡಿಯಿಂದ ಕೆದಕಿ ತೆಗೆಯಲು ಹೇಳಿರಿ. ಅವು ಪೆನ್ಸಿಲಿಗಿಂತ ಸಣ್ಣದಾಗಿದ್ದರೆ 10 ಅಥವಾ 12 ಮಿ.ಮೀ.ವರೆಗೆ ಹಿಗ್ಗಿಸಲಿ, ಒಂದು ಒಣ ಎಲೆ ಸಾಕು, ಸಣ್ಣ ತೂತು ಮತ್ತೆ ಕಟ್ಟಿಕೊಳ್ಳುತ್ತದೆ. ಹಿಗ್ಗಿಸಿದ ಅಂಚಿಗೆ ಎಪಾಕ್ಸಿ (ರಾಳ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಎರಡನ್ನೂ ಕಲಸಿ ಮಾಡುವ ಅಂಟು) ಸವರಬೇಕು, ಇಲ್ಲವಾದರೆ ಕ್ಯಾಬಿನ್ ಛಾವಣಿಯ ಒಳಗಿನ ಮರ ಅಲ್ಲಿಂದಲೇ ನೀರು ಕುಡಿಯತೊಡಗುತ್ತದೆ. ಬಾಯಿಗೆ ಸದ್ಯಕ್ಕೆ ತಾಡಪತ್ರಿ ಕಟ್ಟಿದ್ದರೆ ಅದರ ಕೆಳಗೊಂದು ಪ್ಲೈವುಡ್ ತುಂಡನ್ನು ಇಳಿಜಾರಾಗಿ ಇಡಲಿ. ಗೋವೆಯ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ, ನಮ್ಮ ಕಲಬುರಗಿಗೆ ಅದರ ಕಾಲುಭಾಗ ಬಂದರೆ ಹೆಚ್ಚು. ಜೂನ್ ಮೊದಲ ವಾರದೊಳಗೆ ಮುಚ್ಚಳ ಅದರ ಜಾಗದಲ್ಲಿ ಕೂತಿರಬೇಕು.

ಇನ್ನು ಹೊಸದೋ ಹಳೆಯದೋ ಎಂಬ ಪ್ರಶ್ನೆ. ವಾಡೆಯ ಸಾಗವಾನಿ ಎಂದ ಕೂಡಲೇ ಕೈ ತುರಿಸುವುದು ಸಹಜ, ನನಗೂ ತುರಿಸಿತು. ಆದರೆ ಬೇಡ. ನಿಮ್ಮ ಅಂಗಳದಲ್ಲಿ ಏಪ್ರಿಲ್ ತಿಂಗಳ ಒಣ ಹವೆಗೆ ಒಗ್ಗಿದ ಮರ ತನ್ನ ತೇವವನ್ನೆಲ್ಲ ಬಿಟ್ಟುಕೊಟ್ಟು ಕುಗ್ಗಿರುತ್ತದೆ. ಅದೇ ಮರ ಜುಲೈಯಲ್ಲಿ ಕಡಲ ಹವೆಯನ್ನು ಹೀರಿ ಹಿಗ್ಗುತ್ತದೆ, ಅದೂ ಉದ್ದಕ್ಕಲ್ಲ, ಅಡ್ಡಕ್ಕೆ. ಹಿಗ್ಗುವುದು ನೂರಕ್ಕೆ ಒಂದರಷ್ಟು ಎಂದು ಹಿಡಿದರೂ 60 ಸೆಂ.ಮೀ. ಅಗಲದ ಮುಚ್ಚಳ 6 ಮಿ.ಮೀ. ಬೆಳೆಯಿತು ಎಂದಾಯಿತು. ಇಲ್ಲಿ ಎರಡು ಕಡೆ ಎರಡೆರಡು ಮಿ.ಮೀ. ಬಿಟ್ಟು ಅಚ್ಚುಕಟ್ಟಾಗಿ ಕೂರಿಸಿದ ಮುಚ್ಚಳ ಅಲ್ಲಿ ಹಳಿಗಳ ನಡುವೆ ಬಿಗಿದು ನಿಲ್ಲುತ್ತದೆ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಪ್ಲೈವುಡ್ಡಿನಲ್ಲಿ ಪದರದಿಂದ ಪದರಕ್ಕೆ ಎಳೆಯ ದಿಕ್ಕು ಅಡ್ಡಡ್ಡ ಇರುವುದರಿಂದ ಈ ಹಿಗ್ಗು ಕುಗ್ಗು ತೀರ ಕಡಿಮೆ. ಹಳೆಯ ಮುಚ್ಚಳವನ್ನೇ ಉಳಿಸಿಕೊಳ್ಳಿರಿ. ಸಾಗವಾನಿಯನ್ನು ಮುಚ್ಚಳದ ಕೆಳಗೆ ಹಳಿಯ ಮೇಲೆ ಜಾರುವ ಎರಡು ಓಟಪಟ್ಟಿಗಳಿಗೆ ಮತ್ತು ಹಿಡಿಕೆಗೆ ಬಳಸಿರಿ. ಅವು 4 ಸೆಂ.ಮೀ. ಅಗಲದ ಪಟ್ಟಿಗಳಾದ್ದರಿಂದ ಹಿಗ್ಗಿದರೂ ಲೆಕ್ಕಕ್ಕಿಲ್ಲ.

ಬೇರೆ ಸದ್ದು ಕೊಡುವ ಮೂಲೆಯ ಸುತ್ತ ಒಂದು ರೂಪಾಯಿ ನಾಣ್ಯದಿಂದ ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗಿರಿ. ಗಟ್ಟಿ ಜಾಗ ‘ಟಕ್’ ಎನ್ನುತ್ತದೆ, ಕೊಳೆತ ಜಾಗ ‘ಡಬ್’ ಎನ್ನುತ್ತದೆ. ಸದ್ದು ಬದಲಾಗುವ ಗೆರೆಯನ್ನು ಸೀಮೆಸುಣ್ಣದಿಂದ ಗುರುತಿಸಿ, ಮುಚ್ಚಳವನ್ನು ಬೋರಲು ಹಾಕಿ, ಅದೇ ಜಾಗಕ್ಕೆ ಕೆಳಮೈಯಿಂದ 6 ಮಿ.ಮೀ. ಡ್ರಿಲ್ಲಿನಲ್ಲಿ ಒಂದೆರಡು ತೂತು ಕೊರೆಯಿರಿ. ಮೇಲಿನ ಫೈಬರ್ ಪದರಕ್ಕೆ ಮುಟ್ಟಬಾರದು. ಮರದ ಪುಡಿ ಒಣಗಿ ಬಿಳಿಚಾಗಿ ಬಂದರೆ ಸದ್ದಿಗೆ ಕಾರಣ ಅಂಟು ಬಿಟ್ಟಿರುವುದಷ್ಟೇ. ಕಪ್ಪಗೆ, ಸೋಸಿದ ಚಹಾಪುಡಿಯಂತೆ ಒದ್ದೆಯಾಗಿ ಬಿಟ್ಟಿಗೆ ಅಂಟಿಕೊಂಡು ಬಂದರೆ ಒಳಗಿನ ಪ್ಲೈವುಡ್ ಹೋಗಿದೆ. ನಿಮ್ಮದು ಎರಡನೆಯದೇ ಎಂದು ನನ್ನ ಊಹೆ, ಏಕೆಂದರೆ ಕಿಟಕಿಯ ಬೋಲ್ಟ್ ತೂತುಗಳಿಂದ ನೀರು ಇಳಿಯದ ಹಳೆಯ ಮುಚ್ಚಳವನ್ನು ನಾನು ಈ ಕೈಯಲ್ಲಿ ಕಂಡದ್ದು ಕಡಿಮೆ.

ಕೊಳೆತ ಭಾಗದಷ್ಟು ಕೆಳಗಿನ ಫೈಬರ್ ಪದರವನ್ನು ಚೌಕವಾಗಿ ಕೊಯ್ದು, ಒಂದೇ ತುಂಡಾಗಿ ಎತ್ತಿಟ್ಟುಕೊಳ್ಳಿರಿ. ಕೊನೆಗೆ ಅದನ್ನೇ ಮರಳಿ ಅಂಟಿಸಬೇಕು. ಫೈಬರ್ ಉಜ್ಜುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್, ತುಂಬುತೋಳಿನ ಅಂಗಿ ಬೇಕೇ ಬೇಕು. ಆ ದೂಳಿನ ತುರಿಕೆ ಎರಡು ದಿನ ಬಿಡುವುದಿಲ್ಲ. ಕೊಳೆತದ್ದನ್ನೆಲ್ಲ ಉಳಿಯಿಂದ ಕೆತ್ತಿ, ಗಟ್ಟಿ ಮರ ಸಿಕ್ಕ ಮೇಲೂ ಒಂದು ಅಂಗುಲ ಮುಂದಕ್ಕೆ ಹೋಗಿರಿ. ಇಲ್ಲಿ ನಮ್ಮ ಊರಿನ ಬಿಸಿಲು ಉಪಕಾರಿ: ಕರಾವಳಿಯಲ್ಲಿ ವಾರಗಟ್ಟಲೆ ದೀಪ ಹಚ್ಚಿಟ್ಟರೂ ಆರದ ಮರ ನಿಮ್ಮಲ್ಲಿ ನಾಲ್ಕೈದು ದಿನಗಳಲ್ಲಿ ಆರುತ್ತದೆ. ಆದರೆ ನೇರ ಬಿಸಿಲಿಗೆ ಒಂದೇ ಮಗ್ಗುಲಾಗಿ ಇಡಬೇಡಿರಿ, ಸೊಟ್ಟಗಾಗುತ್ತದೆ. ನೆರಳಿನಲ್ಲಿ, ಗಾಳಿಯಾಡುವಂತೆ, ಬೆಳಿಗ್ಗೆ ಸಂಜೆ ಮಗುಚುತ್ತಾ ಆರಿಸಿರಿ.

ತುಂಬಲು ತರುವ ಪ್ಲೈವುಡ್ಡಿನ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿ ಕೊಳ್ಳಿರಿ. ಅದು ಮರೀನ್ ಪ್ಲೈಯ ಭಾರತೀಯ ಮಾನಕ. ಐಎಸ್ 303 ಎಂದಿರುವುದು ಮನೆಯ ಕಪಾಟಿಗೆ ಸಾಕು, ಇದಕ್ಕೆ ಸಾಲದು. 12 ಮಿ.ಮೀ. ದಪ್ಪ ಬೇಕಿದ್ದರೆ ಒಂದೇ ಹಲಗೆ ಹಾಕದೆ 6 ಮಿ.ಮೀ.ಯ ಎರಡು ಹಾಕಿರಿ. ಕಾರಣ, ನಿಮ್ಮ ಮುಚ್ಚಳ ಚಪ್ಪಟೆಯಲ್ಲ. ಒಂದು ಕಟ್ಟಿಗೆಯ ಸ್ಕೇಲನ್ನು ಅಡ್ಡಲಾಗಿ ಇಟ್ಟು ನೋಡಿರಿ, ನಡುವೆ ಉಬ್ಬಿರುತ್ತದೆ. ನೀರು ನಿಲ್ಲಬಾರದೆಂದು, ಮೇಲೆ ಕಾಲಿಟ್ಟರೆ ಬಾಗಬಾರದೆಂದು ಕೊಟ್ಟ ಉಬ್ಬು ಅದು. ತೆಳು ಹಲಗೆಗಳೆರಡು ಆ ಉಬ್ಬನ್ನು ಅನುಸರಿಸಿ ಬಾಗಿ, ಅಂಟು ಹಿಡಿದ ಮೇಲೆ ಅದೇ ಆಕಾರದಲ್ಲಿ ನಿಲ್ಲುತ್ತವೆ. ಇದೇ ಕಾರಣಕ್ಕೆ ಫರಸಿಯ ಭಾರವೂ ಬೇಡ. ಎರಡಡಿ ಚೌಕದ, ಅಂಗುಲ ದಪ್ಪದ ಶಹಾಬಾದ್ ಕಲ್ಲು 20 ಕೆ.ಜಿ.ಗೂ ಹೆಚ್ಚು ತೂಗುತ್ತದೆ, ತೂಕಕ್ಕೆ ಕೊರತೆಯಿಲ್ಲ. ಆದರೆ ಅದರ ಚಪ್ಪಟೆ ಮೈ ನಿಮ್ಮ ಮುಚ್ಚಳವನ್ನೂ ಚಪ್ಪಟೆ ಮಾಡಿಬಿಡುತ್ತದೆ, ಚಪ್ಪಟೆಯಾದ ಮುಚ್ಚಳ ಮತ್ತೆ ಗೂಡಿನ ಆಕಾರಕ್ಕೆ ಹೊಂದುವುದಿಲ್ಲ. ಬೋರಲು ಮಲಗಿಸಿದ ಮುಚ್ಚಳದ ಉಬ್ಬಿಗೆ ಕೆಳಗಿನಿಂದ ಮರಳಿನ ಹಾಸಿಗೆ ಮಾಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆಯೂ ಮರಳಿನ ಚೀಲಗಳನ್ನೇ ಹೇರಿರಿ. ಮರಳು ಯಾವ ಆಕಾರಕ್ಕೂ ಒಗ್ಗುತ್ತದೆ.

ಎಪಾಕ್ಸಿ ಕಲಸುವ ವಿಷಯದಲ್ಲಿ ಮಾತ್ರ ಕಲಬುರಗಿಯ ಬಿಸಿಲು ಶತ್ರು. ಹವೆ 10 ಡಿಗ್ರಿ ಏರಿದರೆ ಅದು ಹೆಚ್ಚುಕಡಿಮೆ ಎರಡು ಪಟ್ಟು ವೇಗವಾಗಿ ಗಟ್ಟಿಯಾಗುತ್ತದೆ. ಡಬ್ಬಿಯ ಮೇಲೆ ಬರೆದ ಅರ್ಧ ಗಂಟೆ, 40 ಡಿಗ್ರಿಯಲ್ಲಿ ಹತ್ತು ನಿಮಿಷವೂ ಇರುವುದಿಲ್ಲ. ಬೆಳಗಿನ ಜಾವ, ನಿಧಾನಕ್ಕೆ ಹಿಡಿಯುವ ಹಾರ್ಡನರ್ ತೆಗೆದುಕೊಂಡು, ಸ್ವಲ್ಪ ಸ್ವಲ್ಪವೇ ಕಲಸಿರಿ. ಲೋಟದಲ್ಲಿ ಕಲಸಿ ಇಟ್ಟರೆ ತನ್ನ ಕಾವಿಗೆ ತಾನೇ ಹೊಗೆಯಾಡುತ್ತದೆ, ಕೂಡಲೇ ಅಗಲವಾದ ತಟ್ಟೆಗೆ ಸುರುವಿಕೊಳ್ಳಬೇಕು. ವೇಗ ತಗ್ಗಿಸಲೆಂದು ಹಾರ್ಡನರ್ ಕಡಿಮೆ ಹಾಕುವ ಉಪಾಯ ಮಾಡಬೇಡಿರಿ. ಅದು ಎಂದಿಗೂ ಪೂರ್ತಿ ಗಟ್ಟಿಯಾಗುವುದಿಲ್ಲ. ಸಾಗವಾನಿಯಲ್ಲಿ ಸಹಜವಾದ ಎಣ್ಣೆ ಇರುವುದರಿಂದ ಅಂಟಿಸುವ ಸ್ವಲ್ಪ ಮೊದಲು ಅಸಿಟೋನಿನಿಂದ ಒರೆಸಿರಿ. ಹಿಂದೆ ಸಿಲಿಕಾನ್ ಹಚ್ಚಿದ್ದ ಜಾಗವನ್ನು ಬ್ಲೇಡಿನಿಂದ ಹೆರೆದು, ಪೂರ್ತಿ ಹೋಗುವ ತನಕ ಪಾಲಿಶ್ ಪೇಪರಿನಲ್ಲಿ ಉಜ್ಜಬೇಕು. ಸಿಲಿಕಾನಿನ ಕಣ್ಣಿಗೆ ಕಾಣದ ಪೊರೆ ಉಳಿದರೂ ಅದರ ಮೇಲೆ ಎಪಾಕ್ಸಿ ಹಿಡಿಯದು, ಬಣ್ಣವೂ ನಿಲ್ಲದು. ಸಿಕ್ಕಿದ್ದಕ್ಕೆಲ್ಲ ಸಿಲಿಕಾನ್ ಹಚ್ಚುವವರ ಮೇಲೆ ನನಗಿರುವ ಸಿಟ್ಟಿಗೆ ಇದೇ ಕಾರಣ.

ಕಿಟಕಿಯ ಹೊಸ ಅಕ್ರಿಲಿಕ್ಕಿಗೆ ತೂತು ಹಾಕುವಾಗ ಬೋಲ್ಟಿಗಿಂತ ತೂತು ಕನಿಷ್ಠ 2 ಮಿ.ಮೀ. ದೊಡ್ಡದಿರಲಿ. 45 ಸೆಂ.ಮೀ. ಉದ್ದದ ಅಕ್ರಿಲಿಕ್ ಹಾಳೆ ರಾತ್ರಿಯ ತಂಪಿನಿಂದ ಮಧ್ಯಾಹ್ನದ ಕಾವಿಗೆ 40 ಡಿಗ್ರಿ ಏರಿದರೆ ಸುಮಾರು ಒಂದೂಕಾಲು ಮಿ.ಮೀ. ಹಿಗ್ಗುತ್ತದೆ, ಆಚೀಚೆ ಸರಿಯಲು ಎಡೆಯಿಲ್ಲದಿದ್ದರೆ ತೂತಿನ ಅಂಚಿನಿಂದಲೇ ಬಿರುಕು ಹೊರಡುತ್ತದೆ. ಈಗಿನ ಕೂದಲೆಳೆಯ ಬಿರುಕುಗಳಿಗೆ ಬಿಸಿಲಿನ ಜೊತೆ ಯಾರೋ ಥಿನ್ನರ್ ಅಥವಾ ಸ್ಪಿರಿಟ್‌ನಿಂದ ಒರೆಸಿದ್ದೂ ಕಾರಣವಿರಬಹುದು. ಅಕ್ರಿಲಿಕ್ಕಿಗೆ ಸೋಪಿನ ನೀರು, ಮೆತ್ತನೆಯ ಬಟ್ಟೆ, ಅಷ್ಟೇ. ಬೋಲ್ಟಿನ ತೂತುಗಳನ್ನು ಮುಚ್ಚಳದ ಕಡೆ ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಆಗ ಬೋಲ್ಟಿನ ಪಕ್ಕದಿಂದ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಅಕ್ರಿಲಿಕ್ಕಿನ ಕೆಳಗೆ ಬ್ಯುಟೈಲ್ ಟೇಪ್ (ಸಂದು ಮುಚ್ಚುವ ಮೆತ್ತನೆಯ ಅಂಟುರಬ್ಬರಿನ ಪಟ್ಟಿ) ಇಟ್ಟು, ಬೋಲ್ಟುಗಳನ್ನು ಒಮ್ಮೆಗೇ ಬಿಗಿಯದೆ ಎರಡು ಮೂರು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ದೋಣಿಗೆಂದೇ ಮಾರುವ ಪಾಲಿಸಲ್ಫೈಡ್ ಎಂಬ ಸಂದು ಮುಚ್ಚುವ ಮೆತ್ತು ಮರಕ್ಕೆ ಒಳ್ಳೆಯದು, ಆದರೆ ಅಕ್ರಿಲಿಕ್ಕನ್ನು ಕೆಡಿಸುತ್ತದೆ. ಬೋಲ್ಟ್, ಸ್ಕ್ರೂಗಳೆಲ್ಲ 316 ದರ್ಜೆಯ ಸ್ಟೇನ್‌ಲೆಸ್ ಇರಬೇಕು; ನಮ್ಮ ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ 304 ಉಪ್ಪುಗಾಳಿಗೆ ಕಂದು ಕಲೆ ಬಿಡುತ್ತದೆ.

ಸಿಕ್ಕಿಕೊಳ್ಳುವುದಕ್ಕೆ ಮದ್ದು ಎಣ್ಣೆ ಗ್ರೀಸುಗಳಲ್ಲ; ಅವು ಮರಳು ದೂಳನ್ನು ಹಿಡಿದು ಅರೆಯುವ ಕಲ್ಲಾಗುತ್ತವೆ. ಸಾಗವಾನಿ ಓಟಪಟ್ಟಿಯ ತಳಕ್ಕೆ, ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆಯಿಂದ ಕೊಯ್ದ ಪಟ್ಟಿ ಕೂರಿಸಿರಿ. ಆ ಪ್ಲಾಸ್ಟಿಕ್ಕಿಗೆ ಯಾವ ಅಂಟೂ ಹಿಡಿಯುವುದಿಲ್ಲವಾದ್ದರಿಂದ ಸ್ಕ್ರೂ ಹಾಕಿ, ತಲೆಗಳನ್ನು ಒಳಕ್ಕೆ ಮುಳುಗಿಸಿರಿ. ಮೇಲಿಂದ ಮೇಣದಬತ್ತಿ ಉಜ್ಜಿದರೆ ಆಯಿತು. ಎರಡು ಬದಿಗೆ ಮೂರು ಮೂರು ಮಿ.ಮೀ. ಸಡಿಲ ಇರಲಿ, ಅಲ್ಲಿ ಗಾಳಿ ನುಗ್ಗುವುದೆಂದು ರಬ್ಬರ್ ತುರುಕಬೇಡಿರಿ. ಮುಚ್ಚಳದ ಮುಂದಿನ ಅಂಚು ಕಟ್ಟೆಯ ಹೊರಗೆ ಇಳಿಬಿದ್ದ ತುಟಿಯಂತಿರಬೇಕು. ಆ ತುಟಿಗೂ ಕಟ್ಟೆಗೂ ನಡುವೆ 6 ಮಿ.ಮೀ.ಗಿಂತ ಹೆಚ್ಚು ಅಂತರ ಬಿಡಿರಿ. ಕಿರಿದಾದ ಸಂದು ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಅಗಲವಾದ ಸಂದಿನಲ್ಲಿ ನೀರು ತನ್ನ ಭಾರಕ್ಕೆ ಕೆಳಗೆ ಬೀಳುತ್ತದೆ. ಬಿಗಿ ಮಾಡಿದಷ್ಟೂ ಸೋರಿದ್ದು ಏಕೆಂದು ತಮಗೀಗ ಅರ್ಥವಾಗಿರಬೇಕು.

ಬಣ್ಣ ಬಿಳಿಯದೇ ಇರಲಿ. ಮನೆಯ ಹವೆಯಲ್ಲಿ ಗಟ್ಟಿಯಾದ ಸಾಮಾನ್ಯ ಎಪಾಕ್ಸಿ 50ರಿಂದ 60 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ, ಬಿಸಿಲಿಗೆ ಬಿದ್ದ ಕಡುಬಣ್ಣದ ಮೈ ಅದನ್ನು ಸುಲಭವಾಗಿ ಮುಟ್ಟುತ್ತದೆ. ಬಣ್ಣವಿಲ್ಲದೆ ಬಿಟ್ಟ ಎಪಾಕ್ಸಿಯೂ ಬಿಸಿಲಿಗೆ ಪುಡಿಯಾಗುತ್ತದೆ. ದೋಣಿಗೆ ಕೂರಿಸಿದ ಮೇಲೆ ಮಗ ತಂಬಿಗೆಯಿಂದ ನೀರು ಹೊಯ್ದು ಪರೀಕ್ಷಿಸಲಿ: ಮೊದಲು ಕೆಳಗಿನ ಹಳಿಯ ಮೂಲೆಗೆ, ಹತ್ತು ನಿಮಿಷ ಬಿಟ್ಟು ಕಿಟಕಿಯ ಸುತ್ತ, ಕೊನೆಗೆ ಗೂಡಿನ ಬಾಯಿಗೆ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ಒಮ್ಮೆಗೇ ಒದ್ದೆಯಾಗಿ, ಯಾವ ಸಂದು ತಪ್ಪಿತಸ್ಥ ಎಂಬುದು ತಿಳಿಯುವುದೇ ಇಲ್ಲ.

ಪ್ರಶ್ನೆ: ಮಾಳಿಗೆಗೆ ಹತ್ತುವ ಮೆಟ್ಟಿಲಿನ ಬಾಯಿಗೆ ತಗಡಿನ ಜಾರುಮುಚ್ಚಳ ಮಾಡಿಸಿದ್ದೇವೆ. ಮೇಲ್ಮುಖದ ಕಬ್ಬಿಣದ ಚಾನಲ್ಲಿನೊಳಗೆ ಗಾಲಿಗಳು ಓಡುತ್ತವೆ. ಸೆಪ್ಟೆಂಬರಿನ ಓರೆ ಮಳೆಗೆ ಮೆಟ್ಟಿಲೆಲ್ಲ ತೊಯ್ಯುತ್ತದೆ, ಬಾಯಿಯ ಸುತ್ತಲಿನ ಜಂಬಿಟ್ಟಿಗೆ ಕಟ್ಟೆಯೂ ಒದ್ದೆಯಾಗುತ್ತದೆ.
— ಗೃಹಿಣಿಯೊಬ್ಬರು, ಬೀದರ್

ಉತ್ತರ: ಮೇಲ್ಮುಖದ ಚಾನಲ್ ಎಂದರೆ ಕಾಲುವೆ ಎಂದೇ ಅರ್ಥ, ಅಮ್ಮ. ಅದರಲ್ಲಿ ನೀರು, ಕಸ, ಪಾರಿವಾಳದ ಪುಕ್ಕ ತುಂಬುತ್ತವೆ. ಗಾಲಿ ತುಕ್ಕು ಹಿಡಿಯುತ್ತದೆ. ವೆಲ್ಡಿಂಗ್ ಅಂಗಡಿಯವರಿಗೆ ಹೇಳಿ ಅದನ್ನು ತೆಗೆಸಿ, ಆಂಗಲ್ಲನ್ನು ಮನೆಯ ಸೂರಿನಂತೆ ಬೆನ್ನು ಮೇಲಾಗಿ ಕೂರಿಸಿರಿ, ಅದರ ಮೇಲೆ ಗೇಟಿಗೆ ಹಾಕುವ ನಡುಗೆರೆಯ ಗಾಲಿ ಓಡಲಿ. ಬೆನ್ನಿನ ಮೇಲೆ ನೀರು ನಿಲ್ಲುವುದಿಲ್ಲ. ಹಳಿ ಕಟ್ಟೆಯ ಹೊರಗಿರಬೇಕು, ಕಟ್ಟೆ ಮಾಳಿಗೆಯ ಮಟ್ಟದಿಂದ ಕನಿಷ್ಠ 15 ಸೆಂ.ಮೀ. ಎತ್ತರವಿರಬೇಕು, ಮುಚ್ಚಳದ ಅಂಚು ಕಟ್ಟೆಯ ಹೊರಗೆ ನಾಲ್ಕು ಬೆರಳು ಇಳಿದಿರಬೇಕು. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಅದರ ತಲೆಗೆ ಎರಡು ಅಂಗುಲ ಹೊರಚಾಚಿದ ಶಹಾಬಾದ್ ಪಟ್ಟಿ ಹಾಸಿ, ಪಟ್ಟಿಯ ತಳದಲ್ಲಿ ಅಂಚಿನುದ್ದಕ್ಕೂ ಒಂದು ಸಣ್ಣ ಗೀರುಗಾಲುವೆ ಕೊರೆಸಿರಿ. ಕಲ್ಲಿನ ತಳಕ್ಕೆ ಅಂಟಿ ಒಳಗೆ ಸಾಗುವ ಹನಿ ಆ ಗೀರಿನ ಹತ್ತಿರ ಬಂದು ಉದುರುತ್ತದೆ. ಸ್ವಚ್ಛ ಮಾಡಲು ಆಸಿಡ್ ಹಾಕಿಸಬೇಡಿರಿ, ಶಹಾಬಾದ್ ಸುಣ್ಣದ ಕಲ್ಲು. ನೊರೆಯೆದ್ದು ಮೈ ಕೀಳುತ್ತದೆ.

ಪ್ರಶ್ನೆ: ಹಳ್ಳಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಅಡುಗೆಮನೆಯ ಬೆಳಕಿಂಡಿಗೆ ಮಳೆ ಬಂದಾಗ ಹಲಗೆಕಲ್ಲು ಎಳೆಯುತ್ತಿದ್ದೆವು. ಈಗ ಅವ್ವನಿಗೆ ಮಾಳಿಗೆ ಹತ್ತಲು ಆಗುವುದಿಲ್ಲ. ಕೆಳಗಿನಿಂದಲೇ ಸರಿಸುವ ಅಕ್ರಿಲಿಕ್ ಮುಚ್ಚಳ ಮಾಡಬಹುದೇ?
— ಓದುಗರೊಬ್ಬರು, ಯಾದಗಿರಿ ಜಿಲ್ಲೆ

ಉತ್ತರ: ಮಾಡಬಹುದು. ಬೆಳಕಿಂಡಿಯ ಸುತ್ತ ಸಿಮೆಂಟ್ ಕಟ್ಟೆ ಮಾತ್ರ ಕಟ್ಟಿಸಬೇಡಿರಿ. ಮಣ್ಣು ಬೇಸಿಗೆಗೆ ಬಿರಿದು ಮಳೆಗೆ ಹಿಗ್ಗುವಾಗ ಸಿಮೆಂಟು ಅದರ ಜೊತೆ ಆಡುವುದಿಲ್ಲ, ಎರಡರ ನಡುವೆ ಬಾಯಿ ಬಿಡುತ್ತದೆ. ಒಂದು ಗೇಣು ಎತ್ತರದ ಕಟ್ಟಿಗೆಯ ಚೌಕಟ್ಟನ್ನು ಜಂತಿಯ ಮೇಲೆ ಕೂರಿಸಿ, ಅದರ ಹೊರಮೈಗೆ ಹೊಡೆದ ತಗಡನ್ನು ಸುತ್ತಲೂ ಒಂದಡಿ ಮಣ್ಣಿನ ಕೆಳಗೆ ಹಾಸಿ, ಮೇಲೆ ಮಣ್ಣನ್ನು ಹೊರಗೆ ಇಳಿಜಾರಾಗಿ ಮೆತ್ತಿಸಿರಿ. ಒಲೆಯ ಹೊಗೆ ಹೋಗಬೇಕಾದ್ದರಿಂದ ಮುಚ್ಚಿದಾಗಲೂ ಮುಚ್ಚಳಕ್ಕೂ ಚೌಕಟ್ಟಿಗೂ ನಡುವೆ ಎರಡು ಬೆರಳು ಗಾಳಿ ಆಡಲಿ, ಅಂಚು ಸುತ್ತಲೂ ಚೆನ್ನಾಗಿ ಇಳಿಬಿದ್ದಿದ್ದರೆ ಮಳೆ ಒಳಗೆ ಬರುವುದಿಲ್ಲ. ಹಾಳೆ 6 ಮಿ.ಮೀ.ಗಿಂತ ತೆಳ್ಳಗಿರಬಾರದು, ಕೋತಿಗಳ ಕಾಟವಿದ್ದರೆ ಮೇಲೊಂದು ಕಬ್ಬಿಣದ ಜಾಲರಿ ಬೇಕು.

ಸರಿಸಲು ಎರಡು ಹಗ್ಗ ಸಾಕು, ಒಂದು ತೆರೆಯಲು, ಒಂದು ಮುಚ್ಚಲು. ಎರಡನ್ನೂ ಸಣ್ಣ ರಾಟೆಗಳ ಮೇಲಿಂದ ಇಳಿಸಿ, ಒಲೆಯಿಂದ ದೂರದ ಗೋಡೆಗೆ ತಂದು, ಅವ್ವನ ಎದೆಯ ಎತ್ತರಕ್ಕೆ ಹೊಡೆದ ಗೂಟಕ್ಕೆ ಸುತ್ತಿರಿ. ಮೇ ತಿಂಗಳ ಬಿರುಗಾಳಿಗೆ ಹಗುರಾದ ಮುಚ್ಚಳ ಹಾರಿಹೋಗದಂತೆ ಅದರ ನಾಲ್ಕೂ ಮೂಲೆಯಲ್ಲಿ ಹಳಿಯ ಕೆಳಗೆ ಸೇರುವ ಕೊಕ್ಕೆ ಹಾಕಿಸುವುದನ್ನು ಮರೆಯಬೇಡಿರಿ. ಮುಚ್ಚುವ ಹಗ್ಗಕ್ಕೆ ಒಂದು ಗಂಟು ಹಾಕಿಟ್ಟರೆ, ರಾತ್ರಿ ಮಳೆ ಬಂದು ಕರೆಂಟು ಹೋದಾಗ ಯಾವುದನ್ನು ಎಳೆಯಬೇಕೆಂದು ಅವರ ಕೈಗೆ ಕತ್ತಲಲ್ಲೂ ತಿಳಿಯುತ್ತದೆ.